ಉಳಿಸಿ, ಅಳಿಸಿ

ಅಮ್ಮ ಮೊಬೈಲಿನಲ್ಲಿ ಮದುವೆಮನೆಯ ಸೋಬಾನೆ ಪದವೊಂದನ್ನು ಹಾಡಿ ರೆಕಾರ್ಡ್ ಮಾಡಿಕೊಂಡಿದ್ದಳು. ಹಾಡು ಮುಗಿದೊಡನೆ ಎರಡು ಬಟನ್ ಬಂದವು: ‘ಉಳಿಸಿ’, ‘ಅಳಿಸಿ’. ಕನ್ನಡಕ ಅಡುಗೆಮನೆಯಲ್ಲಿತ್ತು. ಒತ್ತಿದ್ದು ಎರಡನೆಯದನ್ನು. ಹಾಡು ಹೋಯಿತು. ಅವಳು ತನ್ನನ್ನೇ ಬೈದುಕೊಂಡಳು. ತಪ್ಪು ಅವಳದಲ್ಲ. ಒಂದಕ್ಕೊಂದು ತೀರಾ ವಿರುದ್ಧವಾದ ಎರಡು ಕೆಲಸಗಳಿಗೆ, ಮೊದಲ ಅಕ್ಷರ ಬಿಟ್ಟರೆ ಉಳಿದುದೆಲ್ಲ ಒಂದೇ ಆಗಿರುವ ಎರಡು ಪದಗಳನ್ನು ಅಕ್ಕಪಕ್ಕ ಕೂರಿಸಿದವರದು.

ಇಂಥ ಎಡವಟ್ಟು ಹೊಸದಲ್ಲ. 1983ರಲ್ಲಿ ಮಾರುಕಟ್ಟೆಗೆ ಬಂದ ಆ್ಯಪಲ್‌ನ ಲೀಸಾ ಕಂಪ್ಯೂಟರನ್ನು ರೂಪಿಸುವಾಗ, ಒಪ್ಪಿಗೆಯ ಬಟನ್ನಿಗೆ ‘ಓಕೆ’ ಎಂದು ಬರೆದರೆ ತೀರಾ ಆಡುಮಾತಾಯಿತೆಂದು ‘ಡೂ ಇಟ್’ ಎಂದು ಬರೆದಿದ್ದರು. ಆ ತಂಡದ ಲ್ಯಾರಿ ಟೆಸ್ಲರ್ ಸಾಮಾನ್ಯ ಜನರನ್ನು ಕೂರಿಸಿ ಪರೀಕ್ಷೆ ನಡೆಸಿದಾಗ ಕೆಲವರು ಆ ಬಟನ್ನಿನ ಮುಂದೆ ತಡವರಿಸಿದರು. ಎರಡು ಪದಗಳ ನಡುವಿನ ಜಾಗ ಕಿರಿದು. ಆ ಅಕ್ಷರಶೈಲಿಯಲ್ಲಿ ಇಂಗ್ಲಿಷಿನ ದೊಡ್ಡ ‘ಐ’ ಚಿಕ್ಕ ‘ಎಲ್’ನಂತೆಯೇ ಕಾಣುತ್ತಿತ್ತು. ಅವರು ಓದಿದ್ದು ‘ಡೋಲ್ಟ್’, ಅಂದರೆ ದಡ್ಡ. ಕಂಪ್ಯೂಟರು ತಮ್ಮನ್ನು ಬೈಯುತ್ತಿದೆಯೆಂದು ಒಬ್ಬರಿಗೆ ಸಿಟ್ಟೇ ಬಂದಿತ್ತು. ಬೇಡವೆಂದು ಬಿಟ್ಟಿದ್ದ ಆಡುಮಾತೇ ಕೊನೆಗೆ ಗೆದ್ದಿತು.

ನಮ್ಮ ಬಟನ್‌ಗಳು ಇನ್ನೂ ಆಡುಮಾತಿಗೆ ಅಂಜುತ್ತಿವೆ. ‘ರದ್ದುಮಾಡಿ’ ಎಂಬುದನ್ನೇ ನೋಡಿ. ರದ್ದಾಗುವುದು ಆದೇಶ, ಪರವಾನಗಿ, ರೈಲು. ಸೆಟ್ಟಿಂಗ್ ಬದಲಿಸಹೊರಟು ನಡುವೆ ಮನಸ್ಸು ಹಿಂದೆಗೆದವರು ಹೇಳುವುದು ‘ಬೇಡ’ ಎಂದು. ‘ಟಿಕೆಟ್ ರದ್ದುಮಾಡಬೇಕೆ?’ ಎಂಬ ಪ್ರಶ್ನೆಯ ಕೆಳಗೆ ‘ಸರಿ’, ‘ರದ್ದುಮಾಡಿ’ ಎಂದಿದ್ದರೆ ಯಾವುದನ್ನು ಒತ್ತಬೇಕು? ‘ಟಿಕೆಟ್ ಇರಲಿ’ ಎಂದು ಒಂದರ ಮೇಲೆ ಬರೆದರೆ ಗೊಂದಲವೇ ಇಲ್ಲ. ಪ್ರಶ್ನೆಯನ್ನು ಅಂಗೈಯಿಂದ ಮುಚ್ಚಿ ಬಟನ್‌ಗಳನ್ನಷ್ಟೇ ಓದಿ ನೋಡುವುದು ನನ್ನ ಹಳೆಯ ಅಭ್ಯಾಸ. ‘ಸರಿ’ ಈ ಪರೀಕ್ಷೆಯಲ್ಲಿ ಪ್ರತಿ ಸಲವೂ ಸೋಲುತ್ತದೆ.

‘ಅನ್ವಯಿಸಿ’ಯ ಕಥೆ ಇನ್ನೂ ಕಷ್ಟದ್ದು. ವಿಂಡೋಸ್ 95ರ ಕಾಲದಿಂದ ಓಕೆ, ಕ್ಯಾನ್ಸಲ್, ಅಪ್ಲೈ ಮೂರೂ ಒಟ್ಟಿಗೆ ಸಾಲಾಗಿ ನಿಂತಿವೆ. ಮೂರನೆಯದನ್ನು ಒತ್ತಿದರೆ ಬದಲಾವಣೆ ಜಾರಿಗೆ ಬರುತ್ತದೆ, ಕಿಟಕಿ ಮಾತ್ರ ತೆರೆದೇ ಇರುತ್ತದೆ. ಆಮೇಲೆ ಕ್ಯಾನ್ಸಲ್ ಒತ್ತಿದರೂ ಆದದ್ದು ಹಿಂದಕ್ಕೆ ಬರುವುದಿಲ್ಲ. ಇದನ್ನೆಲ್ಲ ‘ಅನ್ವಯಿಸಿ’ ಹೇಳೀತೆ? ನಮಗೆ ಆ ಪದದ ಪರಿಚಯವಿರುವುದು ಜಾಹೀರಾತಿನ ಕೊನೆಯಲ್ಲಿ, ‘ಷರತ್ತುಗಳು ಅನ್ವಯಿಸುತ್ತವೆ’ ಎಂಬಲ್ಲಿ. ‘ಈಗಲೇ ಬದಲಿಸಿ’ ಎಂದರೆ ಸಾಕಿತ್ತು. ಮೊಬೈಲಿನಲ್ಲಿ ಈಗ ಹೆಚ್ಚಿನ ಸೆಟ್ಟಿಂಗ್‌ಗಳು ಮುಟ್ಟಿದೊಡನೆ ಬದಲಾಗುತ್ತವೆ, ಆ ಬಟನ್ನೇ ಬೇಕಿಲ್ಲ. ಒಳ್ಳೆಯದಾಯಿತು.

ಬಟನ್ನಿನ ಮೇಲೆ ಕ್ರಿಯಾಪದವಿರಲಿ, ಜೊತೆಗೆ ಯಾವುದರ ಮೇಲಿನ ಕ್ರಿಯೆ ಎಂಬುದೂ ಇರಲಿ ಎಂದು ವಿನ್ಯಾಸಕಾರರು ಹೇಳುತ್ತಾರೆ. ಇಂಗ್ಲಿಷಿಗೆ ಇದು ಸಲೀಸು, ಅಲ್ಲಿ ಕ್ರಿಯಾಪದವೇ ಮೊದಲು. ಕನ್ನಡದಲ್ಲಿ ಅದು ಕೊನೆಗೆ. ‘ಬದಲಾವಣೆಗಳನ್ನು ಉಳಿಸಿ’ ಎಂಬುದು ಬಟನ್ನಿನಲ್ಲಿ ಹಿಡಿಸದಿದ್ದಾಗ ತಂತ್ರಾಂಶ ಬಾಲವನ್ನು ಕತ್ತರಿಸಿ ಮೂರು ಚುಕ್ಕಿ ಇಡುತ್ತದೆ. ಉಳಿಯುವುದು ‘ಬದಲಾವಣೆಗಳನ್ನು…’ ಮಾತ್ರ. ಏನು ಮಾಡಬೇಕೆಂಬುದೇ ಹಾರಿಹೋಯಿತು! ಆದ್ದರಿಂದ ಕನ್ನಡದ ಬಟನ್ನಿನಲ್ಲಿ ಬಹುವಚನವನ್ನೂ ವಿಭಕ್ತಿಯನ್ನೂ ಧಾರಾಳವಾಗಿ ಬಿಡಬೇಕು. ‘ಬದಲಾವಣೆ ಉಳಿಸಿ’ ಎಂದರೆ ವ್ಯಾಕರಣಕ್ಕೂ ಧಕ್ಕೆಯಿಲ್ಲ, ಕಿವಿಗೂ ಹಿತ.

ಇನ್ನೊಂದು ಜಗಳ ‘ಉಳಿಸು’, ‘ಉಳಿಸಿ’ಗಳದು. ಬಟನ್ ಒತ್ತುವವರು ಯಂತ್ರಕ್ಕೆ ಅಪ್ಪಣೆ ಕೊಡುತ್ತಿದ್ದಾರೆ, ಯಂತ್ರಕ್ಕೆ ಬಹುವಚನವೇಕೆ ಎಂದು ಒಂದು ಪಕ್ಷ. ತರ್ಕಕ್ಕೆ ಅದೇ ಸರಿ. ಆದರೆ ಓದುವ ಹಿರಿಯರಿಗೆ ಅದು ತಮ್ಮನ್ನು ಏಕವಚನದಲ್ಲಿ ಕರೆದಂತೆ ಕೇಳಿಸುತ್ತದೆ. ನಾನು ಹಿರಿಯರ ಪಕ್ಷ. ‘ಇರಲಿ’, ‘ಬೇಡ’ ಎರಡಕ್ಕೂ ಈ ರಗಳೆಯಿಲ್ಲ. ಯಾರು ಯಾರಿಗೆ ಹೇಳಿದರೂ ಒಂದೇ.

ಅಮ್ಮನ ಮೊಬೈಲಿನ ಆ ಪರದೆಯನ್ನು ನನಗೆ ಬಿಟ್ಟುಕೊಟ್ಟರೆ, ದೊಡ್ಡ ಬಟನ್ನಿನಲ್ಲಿ ‘ಹಾಡು ಇರಲಿ’ ಎಂದು ಬರೆಯುತ್ತೇನೆ. ಅದರಿಂದ ಸಾಕಷ್ಟು ದೂರದಲ್ಲಿ, ಸಣ್ಣದಾಗಿ, ‘ಬೇಡ, ತೆಗೆದುಹಾಕಿ’.