ರಾಷ್ಟ್ರೀಯ ವರಮಾನದ ಗಣನೆ: ಒಳಗಿನದು, ಹೊರಗಿನದು

ರಾಷ್ಟ್ರೀಯ ವರಮಾನವನ್ನು ಕುರಿತು ಇಂದು ವಾದಿಸುವವರಲ್ಲಿ ಅನೇಕರು ಬೆಳವಣಿಗೆಯ ಶೇಕಡಾ ಪ್ರಮಾಣವನ್ನು ಹಿಡಿದು ಚರ್ಚೆಗಿಳಿಯುವರೇ ಹೊರತು, ಆ ಪ್ರಮಾಣಕ್ಕೆ ಆಧಾರವಾದ ಮೊತ್ತದಲ್ಲಿ ಏನೇನು ಅಡಕವಾಗಿದೆಯೆಂದು ಕೇಳುವುದಿಲ್ಲ. ಕೇಳಬೇಕೆನ್ನುವವರಿಗೆ, 1931-32ರ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ವರಮಾನವನ್ನು ಕುರಿತು ಡಾ. ವಿ. ಕೆ. ಆರ್. ವಿ. ರಾವ್ ಅವರು ರಚಿಸಿ 1940ರಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ಒಳ್ಳೆಯ ಮಾರ್ಗದರ್ಶಿ. ರಾವ್ ಅವರನ್ನು ಬಳ್ಳಾರಿಯ ಲೋಕಸಭಾ ಸದಸ್ಯರೆಂದೂ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದವರೆಂದೂ ನಾವು ಸ್ಮರಿಸುತ್ತೇವೆ. ಈ ಗ್ರಂಥವನ್ನು ತೆರೆದು ನೋಡುವವರು ವಿರಳ.

ಅವರಿಗಿಂತ ಮುಂಚೆ ದಾದಾಭಾಯಿ ನವರೋಜಿಯವರು 1867-70ರ ಅವಧಿಗೆ ತಲಾ ವರಮಾನವನ್ನು ವರ್ಷಕ್ಕೆ 20 ರೂಪಾಯಿಯೆಂದು ಅಂದಾಜು ಮಾಡಿದ್ದರು. ಭೌತಿಕ ವಸ್ತುಗಳ ಉತ್ಪಾದನೆಯೇ ವರಮಾನ. ಅಧಿಕಾರಿ, ವಕೀಲ, ವರ್ತಕರ ಗಳಿಕೆ ಅದರಿಂದಲೇ ಹಂಚಿಹೋಗುವ ಪಾಲು ಎಂಬುದು ಅವರ ನಿಲುವು. ವಿದೇಶೀ ಆಳ್ವಿಕೆಯಲ್ಲಿ ದೇಶ ಎಷ್ಟು ಬಡವಾಗಿತ್ತೆಂಬುದನ್ನು ತೋರಿಸಲು ಅಷ್ಟೇ ಸಾಕಾಗಿತ್ತು. ಆದರೆ ಆ ನಿಲುವನ್ನು ಈಗ ಅಂಗೀಕರಿಸಿದರೆ, ಬ್ಯಾಂಕಿನವರೂ ಅಧ್ಯಾಪಕರೂ ಸೇರಿ, ಈ ಭಾಗದ ಕನ್ನಡಿಗರಲ್ಲಿ ಬಹುಮಂದಿ ಏನನ್ನೂ ಉತ್ಪಾದಿಸದವರಾಗುತ್ತೇವೆ! ರಾವ್ ಅವರು ಬೇರೆ ದಾರಿ ಹಿಡಿದರು. ಬೇಸಾಯ, ಪಶುಪಾಲನೆ, ಅರಣ್ಯ, ಗಣಿಗಳಲ್ಲಿ ಉತ್ಪನ್ನದ ಮೌಲ್ಯವನ್ನು ಎಣಿಸಿದರು. ವ್ಯಾಪಾರ, ಸಾರಿಗೆ, ವೃತ್ತಿ, ಸೇವೆಗಳಲ್ಲಿ ದುಡಿಯುವವರ ಸಂಖ್ಯೆಯನ್ನೂ ಅವರ ಆದಾಯವನ್ನೂ ಎಣಿಸಿದರು. 1949ರಲ್ಲಿ ಮಹಲನವೀಸರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಷ್ಟ್ರೀಯ ವರಮಾನ ಸಮಿತಿಯಲ್ಲಿ ಗಾಡಗೀಳರೊಡನೆ ರಾವ್ ಅವರೂ ಸದಸ್ಯರಾಗಿದ್ದರು. ಸಮಿತಿಯೂ ಇಂಥ ಮಿಶ್ರ ವಿಧಾನವನ್ನೇ ಅನುಸರಿಸಿತು. ದಾಖಲೆಯಿರುವುದೆಲ್ಲಿ, ಊಹೆಯಿರುವುದೆಲ್ಲಿ ಎಂಬುದನ್ನು ರಾವ್ ಅವರು ಮರೆಮಾಚಲಿಲ್ಲ. ಗ್ರಂಥದ ನಿಜವಾದ ಗುಣ ಇದೇ ಎಂದು ನನ್ನ ಎಣಿಕೆ.

ಈಗಿನ ಒಟ್ಟು ದೇಶೀಯ ಉತ್ಪನ್ನದ ತತ್ತ್ವವನ್ನು ಡೊಂಬಿವಲಿಯ ಒಂದು ಪೋಳಿ-ಭಾಜಿ ಕೇಂದ್ರದಿಂದಲೇ ತಿಳಿಯಬಹುದು. ಮಾರಿದ ಪೋಳಿಯ ಬೆಲೆಯಲ್ಲಿ ಹಿಟ್ಟು, ಎಣ್ಣೆ, ಗ್ಯಾಸುಗಳ ವೆಚ್ಚವನ್ನು ಕಳೆದರೆ ಉಳಿಯುವುದು ಮೌಲ್ಯವರ್ಧನೆ. ಕೂಲಿ, ಬಾಡಿಗೆ, ಬಡ್ಡಿ, ಲಾಭಗಳು ಅದರಲ್ಲಿಯೇ ಅಡಗಿವೆ. ಇಂಥ ಮೌಲ್ಯವರ್ಧನೆಗಳನ್ನೆಲ್ಲ ಕೂಡಿಸಿ, ಉತ್ಪನ್ನಗಳ ಮೇಲಿನ ತೆರಿಗೆಯನ್ನು ಸೇರಿಸಿ, ಸಹಾಯಧನವನ್ನು ಕಳೆದರೆ ಮಾರುಕಟ್ಟೆ ಬೆಲೆಯ ಒಟ್ಟು ದೇಶೀಯ ಉತ್ಪನ್ನ ದೊರೆಯುತ್ತದೆ. ಅದೇ ಪೋಳಿಯನ್ನು ಮನೆಯಾಕೆ ತನ್ನ ಒಲೆಯ ಮೇಲೆ ಬೇಯಿಸಿದರೆ ಹಿಟ್ಟು ಲೆಕ್ಕಕ್ಕೆ ಬರುತ್ತದೆ, ಆಕೆಯ ಶ್ರಮ ಬರುವುದಿಲ್ಲ. ಸೊಸೆ ಕಚೇರಿಗೆ ಹೊರಟು, ಮನೆಯವರು ಕೇಂದ್ರದಿಂದ ಪೋಳಿ ತರತೊಡಗಿದರೆ, ಉಂಡ ಪೋಳಿಗಳ ಸಂಖ್ಯೆ ಅಷ್ಟೇ ಇದ್ದರೂ ಅದರ ಮಟ್ಟಿಗೆ ರಾಷ್ಟ್ರದ ಉತ್ಪನ್ನ ಏರುತ್ತದೆ.

ಈ ಬಹಿಷ್ಕಾರಕ್ಕೆ ಲೆಕ್ಕಿಗರು ಕೊಡುವ ಕಾರಣ ದುರ್ಬಲವಾದುದಲ್ಲ. ಮನೆಗೆಲಸಕ್ಕೆ ಪೇಟೆಯ ಬೆಲೆಯಿಲ್ಲ. ಅದನ್ನು ಸೇರಿಸಿದರೆ ಮೊತ್ತದಲ್ಲಿ ಊಹೆಯ ಪಾಲೇ ಹಿರಿದಾಗಿ, ನಿರುದ್ಯೋಗ ಎಂಬ ಮಾತಿಗೂ ಅರ್ಥವಿಲ್ಲದೆ ಹೋಗಬಹುದು. ಆದರೆ ಇದೇ ಲೆಕ್ಕಿಗರು ರೈತನು ತನ್ನ ಮನೆಯ ಊಟಕ್ಕೆ ಇಟ್ಟುಕೊಂಡ ಜೋಳಕ್ಕೆ ಬೆಲೆ ಕಟ್ಟುತ್ತಾರೆ. ಸ್ವಂತ ಮನೆಯಲ್ಲಿ ವಾಸಿಸುವವನು ತನಗೆ ತಾನೇ ಬಾಡಿಗೆ ಕೊಡುತ್ತಿರುವನೆಂದು ಕಲ್ಪಿಸಿ, ಆ ಬಾಡಿಗೆಯನ್ನೂ ವರಮಾನಕ್ಕೆ ಸೇರಿಸುತ್ತಾರೆ. ವಾಶಿಯಲ್ಲಿ ಸಾಲ ಮಾಡಿ ಕೊಂಡ ಫ್ಲ್ಯಾಟು, ಯಾರೂ ಕೊಡದ ಬಾಡಿಗೆಯಿಂದ ಉತ್ಪಾದಕವಾಯಿತು. ಅದರ ಅಡುಗೆಮನೆಯಲ್ಲಿ ದುಡಿಯುವಾಕೆ ಆಗಲಿಲ್ಲ. ಗೋಡೆಗೆ ಸಲ್ಲುವ ಕಲ್ಪನೆ ಕೈಗೆ ಏಕೆ ಸಲ್ಲಬಾರದು? 2019ರ ರಾಷ್ಟ್ರೀಯ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ಕಳೆಯುತ್ತಿದ್ದರು. ಮೂಲ ಮೊತ್ತವನ್ನು ಕದಲಿಸದೆ, ಈ ದುಡಿಮೆಗೆ ಪ್ರತ್ಯೇಕವಾದ ಉಪಲೆಕ್ಕವೊಂದನ್ನು ಪ್ರತಿವರ್ಷ ಪ್ರಕಟಿಸುವುದು ಯುಕ್ತವೆಂದು ತೋರುತ್ತದೆ.

ಏನನ್ನು ಎಣಿಸಬೇಕೆಂಬುದಷ್ಟೇ ಅಲ್ಲ, ಎಲ್ಲಿ ಎಣಿಸಬೇಕೆಂಬುದೂ ಇತ್ಯರ್ಥವಾಗಬೇಕಾದ ವಿಷಯ. ನಮ್ಮ ಊರುಗಳಿಗೆ ಇದು ಹೆಚ್ಚು ಹತ್ತಿರದ್ದು. ದೇಶೀಯ ಉತ್ಪನ್ನವೆಂದರೆ ತತ್ತ್ವತಃ ಗಡಿಯೊಳಗೆ ಹುಟ್ಟಿದ ಉತ್ಪನ್ನ; ದುಡಿದವನ ಮನೆ ಎಲ್ಲಿದೆಯೆಂಬ ಪ್ರಶ್ನೆ ಅಲ್ಲಿಲ್ಲ. ಜಿಲ್ಲೆಯ ಮಟ್ಟಕ್ಕೆ ಇದನ್ನು ಅನ್ವಯಿಸೋಣ. ಕಲ್ಯಾಣದ ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಅಣ್ಣ ಫೋರ್ಟಿನ ಕಚೇರಿಗೂ ತಮ್ಮ ಮಹಾಪೆಯ ಕಾರ್ಖಾನೆಗೂ ಹೋಗುವರೆನ್ನೋಣ. ತಮ್ಮನ ಉತ್ಪನ್ನ ಠಾಣೆ ಜಿಲ್ಲೆಯದು, ಅಣ್ಣನದು ಮುಂಬಯಿಯದು. ಆದರೆ ತಲಾ ವರಮಾನ ತೆಗೆಯುವಾಗ ಜನಸಂಖ್ಯೆಯಿಂದ ಭಾಗಿಸುತ್ತಾರಷ್ಟೆ. ಆ ಜನಸಂಖ್ಯೆಯಲ್ಲಿ ಇಬ್ಬರೂ ಠಾಣೆಯವರೇ. ಹೀಗೆ ಬೆಳಗಿನ ಲೋಕಲ್ ಹಿಡಿಯುವವರೆಲ್ಲರೂ ಮುಂಬಯಿಯ ಅಂಶಕ್ಕೂ ಠಾಣೆಯ ಛೇದಕ್ಕೂ ಸೇರಿ, ಒಂದರ ತಲಾ ವರಮಾನವನ್ನು ಹಿಗ್ಗಿಸಿ ಮತ್ತೊಂದರದನ್ನು ಕುಗ್ಗಿಸುತ್ತಾರೆ. ಅವರು ನೀರು, ರಸ್ತೆ, ಆಸ್ಪತ್ರೆಗಳನ್ನು ಬಯಸುವುದಾದರೋ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯಿಂದ. 2011ರ ಜನಗಣತಿಯಲ್ಲಿ ಕೆಲಸದ ಸ್ಥಳಕ್ಕಿರುವ ದೂರವನ್ನೂ ಪ್ರಯಾಣದ ವಿಧಾನವನ್ನೂ ಕೇಳಿದ್ದರು. ಆ ಕೋಷ್ಟಕಗಳನ್ನು ಜಿಲ್ಲಾ ವರಮಾನದ ಪಟ್ಟಿಗಳ ಪಕ್ಕದಲ್ಲಿಟ್ಟು ಪರಿಶೀಲಿಸುವ ಕೆಲಸವನ್ನು ನಮ್ಮ ನಡುವಣ ತರುಣ ಸಂಶೋಧಕರು ಕೈಗೊಳ್ಳಬಹುದಾಗಿದೆ.