ಬಿಷಪರ ನೇಮಕ, ಸಭೆಯ ಅಳಲು
1981ರಲ್ಲಿ ಸ್ವಾಯತ್ತವಾದ ಭಾರತದ ಮೆಥಡಿಸ್ಟ್ ಸಭೆಯಲ್ಲಿ ಸಭಾಪಾಲಕರನ್ನು ನೇಮಿಸುವ ಅಧಿಕಾರ ಬಿಷಪರದು. ಯಾದಗಿರಿ ಸೀಮೆಯ ಮೆಥಡಿಸ್ಟ್ ಸಭೆಗಳೂ ಈ ಕ್ರಮದಲ್ಲಿಯೇ ಬೆಳೆದಿವೆ. ಬಡ ಹಳ್ಳಿಗೂ ಪಾಲಕನೊಬ್ಬನು ದೊರೆಯಬೇಕೆಂಬುದು ಇದರ ಗುಣ. ಆದರೆ ವರ್ಗಾವಣೆಯೊಡನೆ ಆತನು ಗಳಿಸಿದ ಜನರ ಅರಿವೂ ಹೊರಟುಹೋಗುತ್ತದೆ. ಕೈಗಾರಿಕಾ ಪ್ರದೇಶಕ್ಕೆ ಹೊಲ ಹೋದ ಕಡೇಚೂರಿನಂತಹ ಊರಿನ ಅಳಲು ವಾರ್ಷಿಕ ವರದಿಯ ಯಾವ ಅಂಕಣದಲ್ಲಿ ಸೇರೀತು?

ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯದಲ್ಲಿ ವಿಧವೆಯರನ್ನು ಕಡೆಗಣಿಸಿದರೆಂಬ ದೂರೇ ನೀತಿನಿರ್ಣಯಕ್ಕೆ ಕಾರಣವಾಯಿತು. ಏಳು ಮಂದಿಯನ್ನು ಆರಿಸಿದವರು ಸಭೆಯವರು. ಕೈಯಿಟ್ಟು ಪ್ರಾರ್ಥಿಸಿದವರು ಅಪೊಸ್ತಲರು. ಅಧಿಕಾರವೂ ಆಲಿಸುವಿಕೆಯೂ ಅಲ್ಲಿ ಕೂಡಿಬಂದವು. ಬಿಷಪತ್ವವನ್ನು ನಾವು ಗೌರವಿಸುತ್ತೇವೆ. ಆದಕಾರಣವೇ ನೇಮಕಕ್ಕೆ ಮುನ್ನ ಸಭೆಯ ಮಾತನ್ನು ಕೇಳುವುದು ಕಡ್ಡಾಯ ನಿಯಮವಾಗಬೇಕೆಂದು ಬಯಸುತ್ತೇವೆ.