ಫೈಲಿಗೂ ಕನ್ನಡದ ಹೆಸರಿರಲಿ

'ಬರಹ ಯೂನಿಕೋಡಿನಲ್ಲಿರಲಿ, ಫೈಲಿನ ಹೆಸರು ಮಾತ್ರ ಇಂಗ್ಲಿಷಿನಲ್ಲಿರಲಿ.' ಕನ್ನಡದ ಕತೆ, ಕವಿತೆ ಕೇಳುವ ನಾವೇ ಲೇಖಕರಿಗೆ ಹೀಗೆ ಹೇಳುತ್ತೇವೆ. ಇದು ಬರೀ ಅನುಕೂಲದ ಮಾತೆಂದು ನನಗನ್ನಿಸುವುದಿಲ್ಲ. ಕೆ, ಎ, ಎಲ್, ಎ ಎಂಬ ನಾಲ್ಕು ರೋಮನ್ ಅಕ್ಷರಗಳ ಫೈಲು ಬಂದರೆ ಅದು ಕಲಾ, ಕಾಲ, ಕಳ, ಕಾಳ ಯಾವುದೂ ಆಗಿರಬಹುದು. ಹತ್ತು ವರ್ಷದ ಮೇಲೆ ಹುಡುಕುವವರಿಗೆ ಅಂಥ ಹೆಸರು ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ.

ತೊಂದರೆ ಇಲ್ಲವೆಂದಲ್ಲ. ಮುನಿರ್ಕಾದ ಜೆರಾಕ್ಸ್ ಅಂಗಡಿಯಲ್ಲಾಗಲಿ, ಬೆಂಗಳೂರಿನ ಕಚೇರಿಯಲ್ಲಾಗಲಿ, ಹಳೆಯ ತಂತ್ರಾಂಶದಲ್ಲಿ ಜಿಪ್ ಬಿಚ್ಚಿದರೆ ಕನ್ನಡದ ಹೆಸರಿನ ಜಾಗದಲ್ಲಿ ಗ್ರೀಕಿನ ಆಲ್ಫಾ, ಪಕ್ಕದಲ್ಲೊಂದು ಮಬ್ಬು ಚೌಕ ಸಾಲುಗಟ್ಟಿ ನಿಲ್ಲಬಹುದು. ಅಲ್ಲಿ ಅಕ್ಷರ ಕೆಟ್ಟಿಲ್ಲ. 1981ರ ಐಬಿಎಂ ಪಿಸಿಯ ಅಕ್ಷರಪಟ್ಟಿಯಿಂದ ಅದನ್ನು ಓದಲಾಗಿದೆ, ಅಷ್ಟೇ. ಹೆಸರು ಯುಟಿಎಫ್-8ರಲ್ಲಿದೆ ಎಂದು ತಿಳಿಸುವ ಗುರುತು ಜಿಪ್ ನಿಯಮಕ್ಕೆ ಸೇರಿದ್ದು 2006ರಲ್ಲಿ. ಕನ್ನಡವಾದರೋ 1991ರ ಮೊದಲ ಯೂನಿಕೋಡಿನಲ್ಲೇ ಇತ್ತು.

ಇನ್ನೊಂದು ತೊಡಕು ಕಣ್ಣಿಗೆ ಕಾಣದು. 'ಕೋಲಾರ'ದ ಓಕಾರವನ್ನು ಯೂನಿಕೋಡ್ ಒಂದೇ ಸಂಕೇತವಾಗಿಯೂ ಬರೆಯುತ್ತದೆ, ಮೂರಾಗಿ ಬಿಡಿಸಿಯೂ ಬರೆಯುತ್ತದೆ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಸಾಮಾನ್ಯವಾಗಿ ಬೈಟುಗಳನ್ನಷ್ಟೇ ಹೋಲಿಸುತ್ತದೆ. ಹಾಗಾಗಿ ಒಂದೇ ಫೋಲ್ಡರಿನಲ್ಲಿ ಎರಡು 'ಕೋಲಾರ' ಕೂತಿರಬಹುದು. ನಮಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ.

ಉದ್ದದ ಲೆಕ್ಕವೂ ಕನ್ನಡದ ಪರವಾಗಿಲ್ಲ. ಲಿನಕ್ಸ್‌ನ ಎಕ್ಸ್ಟ್4ರಲ್ಲಿ ಹೆಸರಿಗೆ 255 ಬೈಟುಗಳ ಮಿತಿ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ 18 ಬೇಕು.

ಇವೆಲ್ಲ ಗೊತ್ತಿರುವ ದೋಷಗಳು, ಮದ್ದೂ ಗೊತ್ತಿದೆ. ಹೆಸರು ಚಿಕ್ಕದಾಗಿರಲಿ, ಸ್ವೀಕರಿಸುವ ತಂತ್ರಾಂಶ ಬಿಡಿಸಿದ ಸಂಕೇತಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರಲಿ, ಜಿಪ್ ಮಾಡುವಾಗ ಯುಟಿಎಫ್-8 ಗುರುತು ಬೀಳಲಿ. ಇದಕ್ಕೆ ಹೊಸ ಸಂಶೋಧನೆ ಬೇಡ, ಕೇಳುವವರು ಬೇಕು.

ನಮ್ಮ ಐಟಿ ಕಚೇರಿಗಳಲ್ಲಿ ತಾತ್ಕಾಲಿಕ ಉಪಾಯಕ್ಕೆ 'ವರ್ಕರೌಂಡ್' ಎನ್ನುತ್ತಾರೆ. ಅದು ನಿಯಮವಾದ ದಿನ ದೂರು ಬರುವುದು ನಿಲ್ಲುತ್ತದೆ. ದೂರಿಲ್ಲದ ದೋಷವನ್ನು ಯಾರೂ ತಿದ್ದುವುದಿಲ್ಲ. ಕನ್ನಡಿಗರು ಫೈಲಿಗೆ ಇಂಗ್ಲಿಷ್ ಹೆಸರಿಟ್ಟಷ್ಟೂ ತಂತ್ರಾಂಶ ಮಾಡುವವರಿಗೆ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ. ಸಂಪಾದಕರು ಆ ಸೂಚನೆಯನ್ನು ಕೈಬಿಡಲಿ. ಫೈಲು ತೆರೆಯದಿದ್ದಾಗ ಲೇಖಕರಿಗೆ ಪತ್ರ ಬರೆಯುವ ಬದಲು, ತಂತ್ರಾಂಶದವರಿಗೆ ಬರೆಯಲಿ.